ಸಪ್ಪಳವಿಲ್ಲದ ಗಾಡಿಗೆ ವಿಮೆ

ಎಲೆಕ್ಟ್ರಿಕ್ ಬೈಕಿಗೆ ವಿಮೆ ಮಾಡಿಸುವುದು ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟರ ಕೆಲಸ ಎಂದು ನಾನು ಹೆಂಡತಿಗೆ ಹೇಳಿದ್ದೆ. ಹೇಳುವಾಗ ನನ್ನ ದನಿಯಲ್ಲಿ ಎಂಥ ಭರವಸೆ ತುಂಬಿತ್ತೆಂದರೆ, ಅದನ್ನು ಕೇಳಿ ನನಗೇ ನಂಬಿಕೆ ಬಂದುಬಿಟ್ಟಿತು!

ದನಿ ನನ್ನ ಕಸುಬು. ಗದಗ-ಬೆಟಗೇರಿಯ ಓಣಿಗಳಲ್ಲಿ ಆಟೋದ ನೆತ್ತಿಯ ಮೇಲೆ ಕುಳಿತ ಧ್ವನಿವರ್ಧಕವೊಂದು “ಬರ್ರಿ ಬರ್ರಿ, ಒಂದ ಸೀರಿ ತಗೋರಿ, ಇನ್ನೊಂದ ಪುಕ್ಕಟೆ ಒಯ್ರಿ” ಎಂದು ನಿಮ್ಮ ಮಧ್ಯಾಹ್ನದ ನಿದ್ದೆ ಕೆಡಿಸಿದ್ದರೆ, ಆ ಪಾಪಿ ನಾನೇ. ಅದರಲ್ಲಿ “ಅಯ್ಯ, ಖರೇನ?” ಎಂದು ಬೆರಗಾಗುವ ಗಿರಾಕಿ ಹೆಂಗಸೂ ನಾನೇ. ಹಿಂದೆ ಅಳುವ ಕೂಸೂ ನಾನೇ. ಮದುವೆಗಳಲ್ಲಿ ಮಿಮಿಕ್ರಿ ಕೂಡ ಮಾಡುತ್ತೇನೆ. ಬೀಗರ ಎದುರಿನಲ್ಲೇ ಬೀಗರ ದನಿ ತೆಗೆದು, ಊಟಕ್ಕೆ ಮುಂಚೆಯೇ ಮನೆಗೆ ಕಳಿಸಲ್ಪಟ್ಟ ಅನುಭವವೂ ಇದೆ. ಹೆಸರು ಶರಣಪ್ಪ. ಓಣಿಯ ಬಾಯಲ್ಲಿ ಶರಣ್ಯಾ.

ಇಂಥ ನಾನು ಹುಬ್ಬಳ್ಳಿಯಿಂದ ಒಂದು ಎಲೆಕ್ಟ್ರಿಕ್ ಬೈಕನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆ. ಸ್ಕೂಟಿಯಲ್ಲ, ಗಂಡಸರು ಕಾಲು ಎತ್ತಿ ಹಾಕಿ ಹತ್ತುವಂಥ ಬೈಕು. ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳೆಲ್ಲ ನನ್ನೊಬ್ಬನ ಗಾಡಿಗಾಗಿಯೇ ಬೆವರು ಸುರಿಸುತ್ತಿವೆ ಎಂಬ ಗತ್ತಿನಲ್ಲಿ ಊರು ಸುತ್ತಿದೆ. ಪೆಟ್ರೋಲ್ ಬಂಕಿನ ಮುಂದೆ ಬೇಕೆಂದೇ ನಿಧಾನ ಮಾಡಿ, ಸಾಲಿನಲ್ಲಿ ನಿಂತವರನ್ನು ಕನಿಕರದಿಂದ ನೋಡಿದೆ. ಆ ಕನಿಕರಕ್ಕೆ ಬಡ್ಡಿ ಸಮೇತ ಶಿಕ್ಷೆಯಾಯಿತು.

ಗಾಡಿಯ ಹಳೆಯ ವಿಮೆ ಎಂದೋ ಸತ್ತುಹೋಗಿತ್ತು. ಮಾರಿದವನು ಅದನ್ನು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ. ಕೇಳಿದವಳು ನನ್ನ ಹೆಂಡತಿ ಸುಮಾ.

ಸುಮಾ ಖಾಸಗಿ ಆಸ್ಪತ್ರೆಯೊಂದರ ಬಿಲ್ ಕೌಂಟರಿನಲ್ಲಿ ಕೂಡುವವಳು. ಕಾಲು ಮುರಿದುಕೊಂಡು ಬಂದವರ ಮುಖ ನೋಡಿಯೇ ವಿಮೆ ಇದ್ದವರು ಯಾರು, ಇಲ್ಲದವರು ಯಾರು ಎಂದು ಹೇಳಬಲ್ಲಳು. ಇದ್ದವರು ನೋವಿಗೆ ಅಳುತ್ತಾರಂತೆ, ಇಲ್ಲದವರು ಬಿಲ್ಲಿಗೆ.

“ಪೂರ್ತಿ ಇನ್ಸೂರನ್ಸ್ ಆಗೂ ತನಕ ನಾ ಈ ಗಾಡಿ ಹತ್ತಂಗಿಲ್ಲ” ಎಂದಳು.

“ಲೇ ಸುಮಿ, ನಿಮ್ಮ ತಂಗಿ ಕುಬಸ ಮುಂದಿನ ವಾರ ಐತಿ!”

“ಇರಲಿ. ಬಸ್ಸೂ ಅದಾವು.”

ಸುಮಾಳ ತವರು ಮುಂಡರಗಿಯ ಆಚೆ, ಹೊಳೆದಂಡೆಯ ಸಿಂಗಟಾಲೂರು. ಅವಳ ತಂಗಿಗೆ ಏಳು ತಿಂಗಳು ತುಂಬಿ, ಹಸಿರು ಸೀರೆ ಉಡಿಸಿ ಬಳೆ ಇಡಿಸುವ ಕುಬಸದ ಕಾರ್ಯ. “ನಾವು ಜೋಡಿಲೆ ಕರೆಂಟಿನ ಗಾಡಿ ಮ್ಯಾಲೆ ಬರ್ತೀವಿ” ಎಂದು ನಾನು ಅತ್ತೆಗೆ ಫೋನಿನಲ್ಲಿ ಹೇಳಿಯಾಗಿತ್ತು. ಅತ್ತೆ ಅದನ್ನು ಊರಿಗೆಲ್ಲ ಹೇಳಿಯಾಗಿತ್ತು. ಆ ಮನೆಯಲ್ಲಿ ನನ್ನ ಬೆಲೆ ಮೊದಲೇ ಅಷ್ಟಕ್ಕಷ್ಟೆ. ಬಾಯಿಂದ ಕೋಳಿ ಕೂಗಿಸಿ ಹೊಟ್ಟೆ ಹೊರೆಯುವ ಅಳಿಯ ಅವರಿಗೆ ಹೊಸ ತಳಿ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಊರಬಾಗಿಲ ಅಗಸಿ ದಾಟಿ ಒಳಗೆ ಹೋದರೆ ಮಾತ್ರ ಆ ಬೆಲೆ ಸ್ವಲ್ಪ ಏರುವ ಆಸೆ ಇತ್ತು. ಹಿಂದಿನ ಸೀಟು ಖಾಲಿಯಾದರೆ ಮರ್ಯಾದೆಯೂ ಖಾಲಿ!

ಆದ್ದರಿಂದ ನಾನು ಗಂಟಲು ಸರಿಮಾಡಿಕೊಂಡು ವಿಮಾ ಕಂಪನಿಯೊಂದಕ್ಕೆ ಫೋನು ಹಚ್ಚಿದೆ. ಜೇನುತುಪ್ಪ ಸವರಿದಂಥ ದನಿಯ ಹುಡುಗಿ ಮಾತಾಡಿದಳು. ಬೆಂಗಳೂರಿನ ಕನ್ನಡ.

“ಸರ್, ಎಲೆಕ್ಟ್ರಿಕ್ ಗಾಡಿಲಿ ಬ್ಯಾಟರಿ ತುಂಬಾ ಕಾಸ್ಟ್ಲಿ ಆಗಿರೋದ್ರಿಂದ ಪ್ರೀಮಿಯಂ ಸ್ವಲ್ಪ ಜಾಸ್ತಿ ಬರುತ್ತೆ ಸರ್.”

ಸ್ವಲ್ಪ! ಅವಳು ಹೇಳಿದ ಬೆಲೆ ಕೇಳಿ ನಾನು ಗಾಡಿಯ ಕಡೆ ನೋಡಿದೆ. ಗಾಡಿಯೂ ನಾಚಿಕೊಂಡಂತೆ ಕಂಡಿತು. ಪೆಟ್ರೋಲಿನಲ್ಲಿ ಉಳಿಯುವುದೆಲ್ಲ ಹೋಗಿ ಇವರ ಉಡಿ ತುಂಬುವುದಾದರೆ, ಹೊಗೆ ಬಿಡದೆ ಊರಿನ ಗಾಳಿ ಕಾಯ್ದ ಪುಣ್ಯಕ್ಕೆ ನನಗೇನು ಸಿಕ್ಕಿತು? “ಪರಿಸರ ಉಳಿಸಿ” ಎಂದು ಗೋಡೆಯ ಮೇಲೆ ಬರೆಯುವವರು ಬೇರೆ, ಉಳಿಸಿದವನ ಜೇಬಿಗೆ ಕೈ ಹಾಕುವವರು ಬೇರೆ. ಇಬ್ಬರಿಗೂ ಪರಿಚಯವೇ ಇಲ್ಲ.

ಆಗ ನನ್ನ ತಲೆಯಲ್ಲಿ ಒಂದು ಘನಂದಾರಿ ವಿಚಾರ ಹುಟ್ಟಿತು. ಈ ಕಂಪನಿಗಳು ಬೆಲೆ ಹೇಳುವುದು ಗಾಡಿ ನೋಡಿ ಅಲ್ಲ, ಗಿರಾಕಿಯ ದನಿ ಕೇಳಿ! ಪಡ್ಡೆ ಹುಡುಗನ ದನಿ ಎಂದರೆ ಎಲ್ಲೋ ಗುದ್ದಿಕೊಳ್ಳುವವನೇ ಎಂದು ಬೆಲೆ ಏರಿಸುತ್ತಾರೆ. ಸರಿ. ಎರಡನೆಯ ಸಲ ನಿವೃತ್ತ ಹೆಡ್‌ಮಾಸ್ತರರಾಗಿ ಮಾತಾಡಿದೆ. ಮೂರನೆಯ ಸಲ ಕೆಮ್ಮುವ ಅಜ್ಜನಾದೆ. ಆಮೇಲೆ ಅಜ್ಜಿಯಾಗಿ “ಯವ್ವಾ, ನಾ ಗಾಡಿ ಹೊಡಿಯೂದ ಗುಡಿಗೆ ಹೋಗಾಕಷ್ಟ” ಎಂದೆ. ಅಜ್ಜಿ ಬೈಕು ಹೊಡೆಯುತ್ತಾಳೆಂದು ಅಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಬೆಲೆ ಕೂದಲೆಳೆಯಷ್ಟೂ ಕದಲಲಿಲ್ಲ.

ಕೊನೆಗೆ ಅದೇ ಜೇನಿನ ಹುಡುಗಿ ತಿರುಗಿ ಸಿಕ್ಕಳು. “ಸರ್, ಇದೇ ನಂಬರಿಂದ ನಿಮ್ಮ ತಾತ, ಅಜ್ಜಿ, ಮೇಷ್ಟ್ರು ಎಲ್ಲಾ ಮಾತಾಡಿದಾರೆ. ಮನೇಲಿ ಇನ್ನೂ ಯಾರಾದ್ರೂ ಬಾಕಿ ಇದಾರಾ ಸರ್?”

ಯಾರೂ ಬಾಕಿ ಇರಲಿಲ್ಲ. ಫೋನು ಇಟ್ಟೆ.

“ಆತ? ಚಹಾ ಕುಡದು ಮುಗೀತ?” ಎಂದು ಸುಮಾ ಅಡುಗೆಮನೆಯಿಂದಲೇ ಕೇಳಿದಳು. “ಲಕ್ಷ್ಮೇಶ್ವರದಾಗ ನಮ್ಮ ಸೋದರಮಾವ ಏಜೆಂಟ್ ಅದಾರಲ್ರಿ. ಅವರ ಕಡೆ ಯಾಕ ಹೋಗಬಾರದು?”

ಸಂಬಂಧಿಕರ ಹತ್ತಿರ ಹೋದರೆ ಕಡಿಮೆಯಲ್ಲಿ ಆಗುತ್ತದೆ ಎಂಬುದು ನಮ್ಮ ಕಡೆಯ ಮೂಢನಂಬಿಕೆಗಳಲ್ಲೇ ದೊಡ್ಡದು. ನಾನು ಹೋದೆ.

ಗುರುಸಿದ್ದಪ್ಪ ಮಾವ ವಿಮೆಯಲ್ಲಿ ಪಳಗಿದ ಕೈ. ಆದರೆ ಅವರು ಪಳಗಿದ್ದು ಎಮ್ಮೆ, ಆಕಳುಗಳ ವಿಮೆಯಲ್ಲಿ. ಲಕ್ಷ್ಮೇಶ್ವರದಿಂದ ಶಿರಹಟ್ಟಿಯವರೆಗೆ ಕಿವಿಯಲ್ಲಿ ಬಿಲ್ಲೆ ತೂಗಿಸಿಕೊಂಡು ಮೇಯುವ ದನ ಕಂಡರೆ, ಅದು ಮಾವನ ಗಿರಾಕಿ ಎಂದೇ ತಿಳಿಯಬೇಕು. ಅವರು ಅಂಗಡಿಯಿಂದ ಹೊರಗೆ ಬಂದು ನನ್ನ ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬೆನ್ನು ಸವರಿದರು. ಹಲ್ಲು ನೋಡಲು ಬಾಯಿ ಹುಡುಕುತ್ತಿದ್ದಾರೇನೋ ಎಂದು ನನಗೆ ಅನುಮಾನ ಬಂತು.

“ಎಷ್ಟು ಸಿಸಿ, ಅಳಿಯಂದ್ರ?”

“ಸಿಸಿ ಇಲ್ರಿ ಮಾವಾ.”

“ಇಲ್ಲಂದ್ರ? ಒಂದಿಷ್ಟರ ಇರಬೇಕಲ್ಲ. ಮನಷ್ಯಾಗ ರಕ್ತ ಇಲ್ಲ ಅಂದಂಗ ಆತು.”

“ಎಂಜಿನ್ನ ಇಲ್ರಿ ಇದಕ್ಕ. ಮೋಟರ್ ಐತಿ.”

“ಮೋಟರ್? ಬಾವ್ಯಾಗ ಇಳಸ್ತಾರಲ್ಲ, ಅದಾ?”

“ಅದರ ತಮ್ಮ.”

“ಹಂಗಂತ ಮೊದಲ ಹೇಳಬಾರದ! ಎಷ್ಟು ಎಚ್‌ಪಿ?”

ಮಾವ ಕಂಪ್ಯೂಟರಿನ ಮುಂದೆ ಕುಳಿತರು. ಅವರು ಒಂದೊಂದೇ ಬೆರಳಿನಿಂದ, ಕೀಲಿಗಳಿಗೆ ನೋವಾಗದಂತೆ ಒತ್ತುತ್ತಾರೆ. ಸಿಸಿಯ ಜಾಗದಲ್ಲಿ ಸೊನ್ನೆ ಹಾಕಿದರೆ ಕಂಪ್ಯೂಟರು ಕೆಂಪಾಗುತ್ತಿತ್ತು. ಖಾಲಿ ಬಿಟ್ಟರೆ ಇನ್ನೂ ಕೆಂಪಾಗುತ್ತಿತ್ತು. ಕಡೆಗೆ ಕಿಲೋವ್ಯಾಟ್ ಎಂಬ ಜಾಗ ಕೆಳಗೆಲ್ಲೋ ಅಡಗಿ ಕುಳಿತದ್ದು ಸಿಕ್ಕಿ, ಅದನ್ನು ತುಂಬಿದ ಮೇಲೆ ಒಂದೊಂದೇ ಕಂಪನಿಯ ಬೆಲೆ ಬರತೊಡಗಿತು. ಒಂದನ್ನು ನೋಡಿ ಇನ್ನೊಂದು ನಾಚಬೇಕು, ಹಾಗಿದ್ದವು.

“ಏನ್ರಿ ಮಾವಾ ಇದು! ಗಾಡಿ ಹಳೇದಾದ್ರೂ ವಿಮಾ ಹೊಸಾದರ ರೇಟ್ ಐತಲ್ರಿ?”

“ಹುಚ್ಚಪ್ಪ, ಎಮ್ಮಿ ಸತ್ರ ಎಷ್ಟು ಕೊಡಬೇಕು ಅಂತ ಅವರಿಗೆ ಗೊತ್ತೈತಿ. ನಿನ್ನ ಬ್ಯಾಟರಿ ಸತ್ರ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಜಾಸ್ತಿ ಹಿಡದಿರತಾರ. ಎಲ್ಲಾ ವ್ಯಾಪಾರನೂ ಹಂಗ.”

ಅಂತೂ ಪಟ್ಟಿಯ ತಳದಲ್ಲಿ, ಯಾರೂ ಹೆಸರು ಕೇಳಿರದ ಒಂದು ಸಣ್ಣ ಕಂಪನಿ ಸಿಕ್ಕಿತು. ಪೂರ್ತಿ ವಿಮೆ, ನನ್ನ ಕೈಗೆಟಕುವ ಬೆಲೆ! ಒಂದೇ ಷರತ್ತು: ಹಳೆಯ ವಿಮೆ ಮುಗಿದುಹೋದ ಗಾಡಿಯಾದ್ದರಿಂದ ಅದು ನಡೆಯುವ ಸ್ಥಿತಿಯಲ್ಲಿದೆ ಎಂದು ತೋರಿಸುವ ಫೋಟೋ ಮತ್ತು ವಿಡಿಯೋ ಕಳಿಸಬೇಕು.

ಮಾವ ತಮ್ಮ ಪದ್ಧತಿಯ ಪ್ರಕಾರ ಫೋಟೋ ತೆಗೆದರು. ಅಂದರೆ, ಮಾಲೀಕ ದನದ ಪಕ್ಕದಲ್ಲಿ ನಿಂತು ಅದರ ಕಿವಿ ಹಿಡಿದಿರಬೇಕು. “ಕನ್ನಡಿ ಹಿಡೀರಿ ಅಳಿಯಂದ್ರ, ಅದ ಕಿವಿ ಅಂತ ತಿಳೀರಿ. ನಗಬ್ಯಾಡ್ರಿ. ಎಮ್ಮಿ ಫೋಟೋದಾಗ ಯಾರೂ ನಗಂಗಿಲ್ಲ.” ನಾನು ನಗಲಿಲ್ಲ. ಗಾಡಿಯೂ ನಗಲಿಲ್ಲ. ವಿಡಿಯೋದಲ್ಲಿ ಸುತ್ತಲೂ ತೋರಿಸಿ, ಕೀಲಿ ತಿರುಗಿಸಿ, “ಚಾಲೂ ಆತು” ಎಂದೆ. ಕಳಿಸಿದೆವು.

ಮರುದಿನ ಉತ್ತರ ಬಂತು: ‘ಎಂಜಿನ್ ಶಬ್ದ ಕೇಳಿಸುತ್ತಿಲ್ಲ. ವಾಹನ ಚಾಲನಾ ಸ್ಥಿತಿಯಲ್ಲಿಲ್ಲ. ತಿರಸ್ಕರಿಸಲಾಗಿದೆ.’

ನೋಡಿದಿರಾ! ಎಲೆಕ್ಟ್ರಿಕ್ ಗಾಡಿಗೆ ವಿಮೆ ಮಾರಲು ಕುಳಿತ ಮಹನೀಯರಿಗೆ, ಅದು ಸಪ್ಪಳ ಮಾಡುವುದಿಲ್ಲ ಎಂಬ ಸುದ್ದಿಯೇ ಮುಟ್ಟಿಲ್ಲ! ಮಾವ ಫೋನಿನಲ್ಲಿ ಅವರಿಗೆ ತಿಳಿಸಿ ಹೇಳಿದರು, ನಾನೂ ಹೇಳಿದೆ. ಆ ಕಡೆಯವನು ಮಂತ್ರ ಹೇಳಿದಂತೆ ಒಂದೇ ಮಾತು ಹೇಳಿದ: “ಸೌಂಡ್ ಇರಲೇಬೇಕು ಸರ್, ಅದು ರೂಲು.”

ಸೌಂಡ್ ಬೇಕಂತೆ. ಯಾರನ್ನು ಕೇಳುತ್ತಿದ್ದಾರೆ? ನನ್ನನ್ನು!

ಬೆಟಗೇರಿಯ ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಸುಮಾ ಡ್ಯೂಟಿಗೆ ಹೋಗಿದ್ದಳು. ಅವಳಿದ್ದಿದ್ದರೆ ಈ ಬರಹಕ್ಕೆ ಇಲ್ಲೇ ಪೂರ್ಣವಿರಾಮ ಬೀಳುತ್ತಿತ್ತು. ಪಕ್ಕದ ಮನೆಯ ದಾದಾಪೀರ್ ಚಾಚಾನ ಕೈಗೆ ಮೊಬೈಲು ಕೊಟ್ಟು, “ಚಾಚಾ, ನನ್ನ ಮಾರಿ ಬರಬಾರದು, ಗಾಡಿ ಅಷ್ಟ” ಎಂದೆ.

“ಸಪ್ಪಳ ನೀ ಮಾಡ್ತೀ?”

“ಹೂಂ.”

“ಯಾವ ಗಾಡೀದ ಮಾಡ್ತೀಯೋ?”

ಇದು ಕಲಾವಿದನಿಗೆ ಕೇಳಬಾರದ ಪ್ರಶ್ನೆ. ಸಾದಾ ಗಾಡಿಯ ಸಪ್ಪಳ ಮಾಡಿ ಸುಮ್ಮನಾಗಿದ್ದರೆ ನಾನು ಈಗ ಪೂರ್ತಿ ವಿಮೆಯುಳ್ಳ ಮನುಷ್ಯನಾಗಿರುತ್ತಿದ್ದೆ. ಆದರೆ ಅಹಂಕಾರ! ಹಳ್ಳಿಯ ಗೌಡರು ಚಳಿಗಾಲದ ಮುಂಜಾನೆ ಚಾಲೂ ಮಾಡಲು ಒದ್ದಾಡುವ ಹಳೆಯ ಬುಲೆಟ್ಟು ನನ್ನ ಮೆಚ್ಚಿನ ಐಟಂ. ಅದನ್ನೇ ತೆಗೆದೆ. ಮೊದಲು ಕಿಕ್ಕು ಹೊಡೆದು ಸುಸ್ತಾಗುವ ಸಪ್ಪಳ. ಆಮೇಲೆ ಹೊತ್ತಿದಂತೆ ಮಾಡಿ ಆರುವ ಸಪ್ಪಳ. ಮತ್ತೆ ಕಿಕ್ಕು. ಆಮೇಲೆ ಢಗ್, ಢಗ್, ಢಗಢಗಢಗ! ನಡುವೆ ಸೈಲೆನ್ಸರು ಸಿಡಿಯುವ ಒಂದು ಫಟಾರ್! ಓಣಿಯ ನಾಯಿ ಎದ್ದು ಓಡಿತು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಇದುವರೆಗೆ ಸಿಕ್ಕಿಲ್ಲ.

ವಿಡಿಯೋ ನೋಡಿದೆ. ಅದ್ಭುತ. ಒಂದೇ ಒಂದು ಸಣ್ಣ ವಿಷಯ ಆಗ ನನ್ನ ಗಮನಕ್ಕೆ ಬರಲಿಲ್ಲ. ಚಾಚಾನ ಬಾಯಲ್ಲಿ ಬೀಡಿ ಇತ್ತು. ಅವನು ಗಾಡಿಯ ಹಿಂಭಾಗ ತೋರಿಸಲು ಬಗ್ಗಿದಾಗ, ಸರಿಯಾಗಿ ಆ ‘ಫಟಾರ್’ ಆದ ಗಳಿಗೆಗೆ, ಹಿಂದಿನ ಚಕ್ರದ ಹತ್ತಿರ ದಟ್ಟ ಹೊಗೆ ಎದ್ದು ಚಂದವಾಗಿ ಹರಡಿತ್ತು.

ಕಳಿಸಿದೆ. ಅತ್ತೆಗೆ ಫೋನು ಮಾಡಿ “ಎಲ್ಲಾ ಆತ್ರಿ, ಜೋಡಿಲೇ ಬರ್ತೀವಿ” ಎಂದು ಮತ್ತೊಮ್ಮೆ ಸಾರಿದೆ.

ಕುಬಸಕ್ಕೆ ಎರಡು ದಿನ ಉಳಿದಿರುವಾಗ ಮನೆಯ ಮುಂದೆ ಒಬ್ಬ ಮನುಷ್ಯ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಕಂಪನಿಯಿಂದ ತಪಾಸಣೆಗೆ ಬಂದ ಸಾಹೇಬರು! ಅಂದು ಸುಮಾ ಮನೆಯಲ್ಲೇ ಇದ್ದಳು. ದುರದೃಷ್ಟ ಎಂದೂ ಒಂಟಿಯಾಗಿ ಬರುವುದಿಲ್ಲ, ಹೆಂಡತಿಯ ರಜೆ ನೋಡಿಕೊಂಡು ಬರುತ್ತದೆ.

“ಶರಣಪ್ಪ ಅಂದ್ರ ನೀವ ಏನ್ರಿ? ಕಾಗದದಾಗ ಎಲೆಕ್ಟ್ರಿಕ್ ಗಾಡಿ ಅಂತ ಐತಿ. ವಿಡಿಯೋದಾಗ ಪೆಟ್ರೋಲ್ ಎಂಜಿನ್ ಓಡಾಕತ್ತೈತಿ. ಹೊಗಿ ಬೇರೆ ಬರಾಕತ್ತೈತಿ. ಎಂಜಿನ್ ಎಲ್ಲಿ ಕುಂಡ್ರಿಸೀರಿ ತೋರಸ್ರಿ.”

ಸಾಹೇಬರು ಬಗ್ಗಿ ಗಾಡಿಯ ಹೊಟ್ಟೆಯ ಕೆಳಗೆ ನೋಡಿದರು. ಮೂಸಿದರು. ಓಣಿಯೆಲ್ಲ ಸೇರಿತು. ಓಣಿಯ ನೇಕಾರರ ಮಗ್ಗದ ಸಪ್ಪಳ ಕೂಡ ನಿಂತಿತು. ಅಂದರೆ ಅದರ ಮುಂದೆ ಕುಳಿತವರೂ ಎದ್ದು ಬಂದಿದ್ದರು.

“ಎಂಜಿನ್ ಇಲ್ರಿ ಸಾಹೇಬ್ರ” ಎಂದೆ.

“ಹಂಗಾರ ಸಪ್ಪಳ ಎಲ್ಲಿಂದ ಬಂತು?”

ನಾನು ಸುಮಾಳ ಕಡೆ ನೋಡಿದೆ. ಅವಳು ಬಾಗಿಲಿಗೆ ಆತು ನಿಂತು, ಬಿಲ್ ಕೌಂಟರಿನ ಕಣ್ಣುಗಳಿಂದ ನನ್ನನ್ನು ನೋಡುತ್ತಿದ್ದಳು. ಚಾಚಾ ಬೀಡಿ ಮುಚ್ಚಿಟ್ಟುಕೊಂಡು ಹಿಂದೆ ಸರಿದ. ಬೇರೆ ದಾರಿ ಇರಲಿಲ್ಲ. ಬಾಯಿ ತೆರೆದು ತೋರಿಸಿದೆ. ಕಿಕ್ಕು, ಢಗ್ ಢಗ್, ಫಟಾರ್!

ಸಾಹೇಬರ ಮುಖದ ಇಸ್ತ್ರಿ ಮುರಿಯಿತು. “ಇನ್ನೊಮ್ಮೆ ಮಾಡ್ರಿ” ಎಂದರು. ಮಾಡಿದೆ. “ಎರಡನೇ ಗೇರಿಗೆ ಹಾಕ್ರಿ ನೋಡೂಣು.” ಹಾಕಿದೆ. “ದಿಬ್ಬ ಏರಸ್ರಿ.” ಏರಿಸಿದೆ. ಉಸಿರು ಕಟ್ಟಿತು. ಓಣಿಯವರು ಚಪ್ಪಾಳೆ ತಟ್ಟಿದರು. ಸಾಹೇಬರೂ ತಟ್ಟಿದರು. ನನಗೆ ಗೆದ್ದಂತೆ ಅನ್ನಿಸಿತು! ಕಲೆಯ ಮುಂದೆ ಕಾನೂನು ಕರಗಿತು ಎಂದುಕೊಂಡೆ.

ಸಾಹೇಬರು ಕಣ್ಣು ಒರೆಸಿಕೊಂಡು, ಕಲೆಗೆ ಕೈಮುಗಿದು, ನನ್ನ ಎದುರಿನಲ್ಲೇ ಮೊಬೈಲಿನಲ್ಲಿ ವರದಿ ಬರೆದರು. ಬರೆಯುತ್ತಾ ಓದಿದರು: “ವಾಹನದಿಂದ ಯಾವುದೇ ಶಬ್ದವಿಲ್ಲ. ಶಬ್ದ ಮಾಲೀಕರದು. ಮಾಲೀಕರು ಚಾಲನಾ ಸ್ಥಿತಿಯಲ್ಲಿದ್ದಾರೆ. ತಪ್ಪು ಮಾಹಿತಿ ನೀಡಿದ ಕಾರಣ ಪೂರ್ತಿ ವಿಮೆಗೆ ಶಿಫಾರಸು ಇಲ್ಲ.”

“ಸಾಹೇಬ್ರ! ಸಪ್ಪಳ ಬೇಕ ಬೇಕು ಅಂದವರು ನಿಮ್ಮವರ!”

“ಗಾಡೀದು ಕೇಳಿದ್ರು ತಮ್ಮಾ, ನಿಂದಲ್ಲ.”

ಅವರು ಹೋದರು. ಓಣಿಯೂ ಚದುರಿತು. ಸುಮಾ ಮಾತ್ರ ಅಲ್ಲೇ ಇದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. “ಕೈ ತೊಳ್ಕೊಳ್ರಿ, ರೊಟ್ಟಿ ಆಗ್ಯಾವು” ಎಂದಳು. ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಮಾವನಿಗೆ ಫೋನು ಮಾಡಿದೆ. ಅವರು ಎಲ್ಲವನ್ನೂ ಕೇಳಿ, “ಎಮ್ಮಿ ಪರವಾಗಿ ಯಾವ ಮಾಲಕನೂ ಇಲ್ಲೀತನಕ ಒದರಿರಲಿಲ್ಲ” ಎಂದಷ್ಟೇ ಹೇಳಿ, ಉಳಿದ ಒಂದೇ ದಾರಿ ತೋರಿಸಿದರು. ಥರ್ಡ್ ಪಾರ್ಟಿ ವಿಮೆ. ಇದಕ್ಕೆ ವಿಡಿಯೋ ಬೇಡ, ಸಪ್ಪಳ ಬೇಡ. ಬೆಲೆಯೂ ಕಡಿಮೆ. ಕುಬಸದ ಹಿಂದಿನ ದಿನ ಪಾಲಿಸಿ ಮೊಬೈಲಿಗೆ ಬಂತು. ನಾನು ಅದನ್ನು ರಾಜಪತ್ರದಂತೆ ಎತ್ತಿ ಹಿಡಿದು ಸುಮಾಳ ಮುಂದೆ ನಿಂತೆ.

“ಆತ್ನೋಡು! ಇನ್ಸೂರನ್ಸ್! ನಾಳೆ ಜೋಡಿಲೆ!”

ಅವಳು ಕನ್ನಡಕ ಹಾಕಿಕೊಂಡು ಓದಿದಳು. ಆಸ್ಪತ್ರೆಯಲ್ಲಿ ಇಂಥವನ್ನೇ ಓದಿ ಓದಿ ಅರೆದು ಕುಡಿದವಳು.

“ನಾವು ಯಾರಿಗರ ಗುದ್ದಿದ್ರ ಅವರಿಗೆ ಕೊಡ್ತಾರ. ಹೌದಿಲ್ರಿ?”

“ಹೂಂ.”

“ಗಾಡಿ ಒಡದ್ರ?”

“ಇಲ್ಲ.”

“ನಿಮಗೇನರ ಆದ್ರ?”

“ನಾ ಸತ್ರ ನಿನಗ ಬರ್ತೈತಿ! ನಾಮಿನಿ ನೀನ!” ಎಂದು ಹೆಮ್ಮೆಯಿಂದ ಹೇಳಿದೆ.

“ಹಿಂದ ಕುಂತವರಿಗೆ?”

ನಾನು ಪಾಲಿಸಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದೆ. ಹಿಂದೆ ಕುಳಿತವರ ಬಗ್ಗೆ ಅದರಲ್ಲಿ ಒಂದು ಒಳ್ಳೆಯ ಮಾತೂ ಇರಲಿಲ್ಲ.

“ಅಂದ್ರ” ಎಂದಳು ಸುಮಾ, ಕನ್ನಡಕ ತೆಗೆಯುತ್ತಾ, “ನೀವೊಬ್ರ ಹೋದ್ರ ನನಗ ಲಾಭ ಐತಿ. ನಾ ಜೋಡಿ ಬಂದ್ರ ಯಾರಿಗೂ ಇಲ್ಲ. ಹಂಗಿದ್ರ ನೀವೊಬ್ರ ಹೋಗ್ರಿ.”

ನಾನು ಮೊಬೈಲು ಜೇಬಿಗಿಳಿಸಿ, ಬುಟ್ಟಿ ಕಟ್ಟಲು ಹಗ್ಗ ಹುಡುಕಹೋದೆ.

ಮರುದಿನ ಸುಮಾ ಮುಂಡರಗಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಳು. ನಾನು ಬಸ್ಸಿನ ಹಿಂದೆ ಹಿಂದೆ ಗಾಡಿ ಹೊಡೆದೆ. ಹಿಂದಿನ ಸೀಟಿನ ಮೇಲೆ ಹಸಿರು ಬಳೆಗಳ ಡಬ್ಬಿ, ಹೋಳಿಗೆಯ ಬುಟ್ಟಿ, ಕುಬಸದ ಖಣ. ಅವುಗಳಿಗೆ ವಿಮೆಯ ಚಿಂತೆ ಇರಲಿಲ್ಲ. ಡಂಬಳದ ಹತ್ತಿರ ಬಸ್ಸು ನಿಂತಾಗ ಸುಮಾ ಕಿಟಕಿಯಿಂದ ಕತ್ತು ಹೊರಗೆ ಹಾಕಿ, “ಬುಟ್ಟಿ ಹಗ್ಗ ಸಡ್ಲಾಗೇತ್ರಿ, ಬಿಗೀರಿ!” ಎಂದು ಕೂಗಿದಳು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ಇಳಿದು ಬಂದು, “ಏನಣ್ಣ, ಜಗಳೇನ?” ಎಂದು ಕೇಳಿದ. “ಇಲ್ಲ, ಇನ್ಸೂರನ್ಸ್” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆದರೂ ಬೆನ್ನು ತಟ್ಟಿ ಸಮಾಧಾನ ಹೇಳಿದ.

ಮುಂಡರಗಿಯಲ್ಲಿ ಅವಳು ಸಿಂಗಟಾಲೂರಿನ ಬಸ್ಸಿಗೆ ಕಾಯುತ್ತ ನಿಂತಳು. ನನ್ನನ್ನು ಮುಂದೆ ಕಳಿಸಿದಳು, ಹೋಳಿಗೆ ಬಿಸಿಲಿಗೆ ಕೆಡುತ್ತವೆಂದು.

ಅತ್ತೆಯ ಮನೆಯ ಮುಂದೆ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ಅತ್ತೆಯ ಕೈಯಲ್ಲಿ ಆರತಿಯ ತಟ್ಟೆ. ಗಾಡಿ ಸದ್ದಿಲ್ಲದೆ ಹೋಗಿ ಅವರ ಮುಂದೆ ನಿಂತಿತು. ಅತ್ತೆ ನನ್ನ ಹೆಗಲ ಮೇಲಿಂದ ಹಣಿಕಿ ಹಿಂದೆ ನೋಡಿದರು. ಹೋಳಿಗೆಯ ಬುಟ್ಟಿ ಅವರನ್ನು ತಿರುಗಿ ನೋಡಿತು.

“ಮಗಳೆಲ್ರಿ?”

“ಬಸ್ಸಿನ್ಯಾಗ ಬರಾಕತ್ಯಾಳ್ರಿ.”

“ಅಯ್ಯ, ಯಾಕ?”

ಎಲ್ಲವನ್ನೂ ಹೇಳಬೇಕಾಯಿತು. ಗುದ್ದಿಸಿಕೊಂಡವರಿಗೆ ಸಿಗುತ್ತದೆ, ಹಿಂದೆ ಕುಳಿತವರಿಗೆ ಇಲ್ಲ ಎನ್ನುವಷ್ಟರಲ್ಲಿ ಅತ್ತೆ “ಶಾಣ್ಯಾಕಿ ನನ್ನ ಮಗಳು” ಎಂದು ಆರತಿಯ ತಟ್ಟೆಯನ್ನು ಗಾಳಿಗೆ ಮರೆ ಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಸಾಲಿನಲ್ಲಿದ್ದ ಹೆಂಗಸರೂ ಅವರ ಹಿಂದೆ ಹೋದರು.

ಉಳಿದವರು ನಾನು, ಗಾಡಿ ಮತ್ತು ಕಟ್ಟೆಯ ಮೇಲೆ ಕುಳಿತ ಸುಮಾಳ ಅಪ್ಪ, ಅಂದರೆ ನನ್ನ ಮಾವ. ಅವರು ಮಾತು ಕಡಿಮೆಯ ಮನುಷ್ಯ. ಮದುವೆಯಾದಾಗಿನಿಂದ ನನ್ನ ಜೊತೆ ಆಡಿದ್ದು ಬೆರಳೆಣಿಕೆಯಷ್ಟು. ಎದ್ದು ಬಂದು ಗಾಡಿಯನ್ನು ಬಹಳ ಹೊತ್ತು ನೋಡಿದರು. ಕೀಲಿ ತಿರುಗಿಸಲು ಹೇಳಿದರು. ತಿರುಗಿಸಿದೆ. ಕಿವಿಗೊಟ್ಟು ಕೇಳಿದರು.

“ಚಲೋ ಐತಿ” ಎಂದರು. “ಒಂದ ಸಪ್ಪಳಿಲ್ಲ. ಇದನ್ನ ನೋಡಿ ಮಾಲಕರು ಕಲೀಬೇಕು.”

ಅಂದು ಕುಬಸ ಮುಗಿದು, ಹೋಳಿಗೆ ಊಟ ಮುಗಿಯುವವರೆಗೂ ನನ್ನಿಂದ ಹೊರಬಿದ್ದ ಶಬ್ದ ಒಂದೇ. ತೇಗು. ಅದಕ್ಕೂ ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿ, ಇದು ಯಾರ ದನಿ ಎಂದು ಕೇಳಿದರು.

ಅದೊಂದು ಮಾತ್ರ ನನ್ನದೇ ಆಗಿತ್ತು. ಯಾರೂ ನಂಬಲಿಲ್ಲ.